ಎರಡು ಮನೆಯ ಹೆಪ್ಪು

ಕೇಳುವ ಕಿವಿ ತಂಪಾಗಿರಲಿ, ಹೇಳುವ ಬಾಯಿಗೆ ದಣಿವು ಬಾರದಿರಲಿ ಎಂದು ಬೇಡಿಕೊಂಡು ಕಥೆಗೆ ಕೂಡುವುದು ನಮ್ಮ ಊರಿನ ರೂಢಿ. ನನಗೆ ದಣಿವು ಮೊದಲೇ ಬಂದಿದೆ. ಆದ್ದರಿಂದ ನಿಮ್ಮ ಕಿವಿಯ ತಂಪನ್ನಷ್ಟೇ ಬೇಡುತ್ತೇನೆ.

ನಮ್ಮ ಊರಿನಲ್ಲಿ ಒಂದೇ ಮನೆಯಲ್ಲಿ ಇಟ್ಟದ್ದು ನಿಲ್ಲುವುದಿಲ್ಲ. ಕಾಳುಕಡಿ, ಪಾತ್ರೆ, ಬಂಗಾರ ನಿಲ್ಲುತ್ತವೆ. ಅವಕ್ಕೆ ಕಳ್ಳನ ಭಯ ಮಾತ್ರ. ನೆನಪಿಗೆಂದು ಇಟ್ಟದ್ದು, ಅದು ಬರಹವೋ ಪಟವೋ ದನಿಯೋ ಆಗಿರಲಿ, ದಿನದಿಂದ ದಿನಕ್ಕೆ ತೆಳುವಾಗುತ್ತದೆ. ಹಿಂದೊಮ್ಮೆ ಕೆಳಗಿನ ಓಣಿಯ ಸಾಹುಕಾರನೊಬ್ಬ ಯಾರ ಕಣ್ಣೂ ತಾಗಬಾರದೆಂದು ಮಗಳ ಮದುವೆಯ ಆಲ್ಬಮ್ಮನ್ನು ತನ್ನ ಟ್ರಂಕಿನಲ್ಲೇ ಬೀಗ ಹಾಕಿ ಇಟ್ಟ. ಮುಂದಿನ ಮಳೆಗಾಲಕ್ಕೆ ತೆಗೆದು ನೋಡಿದರೆ ಹಂದರವಿತ್ತು, ಬಾಸಿಂಗವಿತ್ತು, ಮದುಮಕ್ಕಳಿರಲಿಲ್ಲ. ಬಾಸಿಂಗ ಬರೀ ಗಾಳಿಯಲ್ಲಿ ನಿಂತಿತ್ತು. ಯಾರೂ ಅಚ್ಚರಿಪಡಲಿಲ್ಲ. 'ಮೂರು ಮನಿ ಮಾಡಬೇಕಿತ್ತು, ಜಿಪುಣ' ಎಂದು ಬೈದು ಸುಮ್ಮನಾದರು. ಮೂರು ಮನೆ ಮಾಡುವುದು ಎಂದರೆ ಉಳಿಯಬೇಕಾದದ್ದನ್ನು ಬೇರೆ ಬೇರೆ ಒಲೆ ಉರಿಯುವ ಮೂರು ಮನೆಗಳಲ್ಲಿ ಇಡುವುದು. ತೊಟ್ಟಿಲು ಕಟ್ಟಿದ ದಿನ ನಮ್ಮಲ್ಲಿ ಮೊದಲು ಕೇಳುವುದು ಕೂಸಿನ ಹೆಸರನ್ನಲ್ಲ, ಆ ಹೆಸರನ್ನು ಕಾದಿಡುವ ಮೂರು ಮನೆಗಳನ್ನು.

ಅಜ್ಜಂದಿರ ಕಾಲಕ್ಕೆ ತಾಳೆಗರಿ ಇತ್ತು, ಅಪ್ಪಂದಿರ ಕಾಲಕ್ಕೆ ಕಾಗದ, ಈಗ ಪೆಟ್ಟಿಗೆ. ಪ್ರತಿ ಮನೆಯಲ್ಲಿ ದೀಪ ಇಡುವ ಗೂಡಿನ ಪಕ್ಕ ಒಂದು ಪುಟ್ಟ ಕಂಪ್ಯೂಟರು, ಅದರೊಳಗೊಂದು ಡಿಸ್ಕು, ಮೇಲೊಂದು ಗುಂಡಿ, ಒತ್ತಿದರೆ ಇಟ್ಟ ದನಿ ಕೇಳಿಸುವ ಸಣ್ಣ ಸ್ಪೀಕರು. ಓಣಿಯ ಮೇಲೆ ಹಾದ ತಂತಿಗಳಲ್ಲಿ ಪೆಟ್ಟಿಗೆಗಳು ಒಂದನ್ನೊಂದು ಉಸಿರಿಗೊಮ್ಮೆ ಕೇಳುತ್ತಿರುತ್ತವೆ: ಇದ್ದೀಯಾ? ಇದ್ದೇನೆ. ನೀನು? ನಾನೂ ಇದ್ದೇನೆ. ಯಾವುದಾದರೂ ಒಂದು ಉತ್ತರ ಕೊಡದಿದ್ದರೆ ಉಳಿದವು ನನಗೆ ಹೇಳುತ್ತವೆ. ಆಗ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು.

ಈ ಕೆಲಸವನ್ನು ನನಗೆ ಯಾರೂ ಕೊಟ್ಟದ್ದಲ್ಲ. ಫೋನು ಕಚೇರಿಯಲ್ಲಿ ತಂತಿ ಜೋಡಿಸುತ್ತಿದ್ದವನು ನಾನು. ಕಚೇರಿ ಮುಚ್ಚಿತು, ಕೈ ಸುಮ್ಮನಿರಲಿಲ್ಲ. ದೇವರ ಕೋಣೆಯ ಪಕ್ಕದ ಕೋಣೆಯಲ್ಲಿ ಯಾರೋ ಎಸೆದ ಕಬ್ಬಿಣದ ರ್‍ಯಾಕು ತಂದು ನಿಲ್ಲಿಸಿದೆ, ಅದರ ತುಂಬ ಹಳೆಯ ಮಷೀನುಗಳನ್ನು ಜೋಡಿಸಿದೆ. ಅವುಗಳ ಫ್ಯಾನು ಹಗಲಿರುಳೂ ಜಪ ಮಾಡಿದ ಹಾಗೆ ಗುಂಯ್ಗುಡುತ್ತವೆ. ಬೇಸಿಗೆಯಲ್ಲಿ ಲಾವಂಚದ ಚಾಪೆ ತೂಗುಬಿಟ್ಟು ನೀರು ಚಿಮುಕಿಸುತ್ತೇನೆ. ಮುಂಜಾನೆ ವಿಭೂತಿ ಧರಿಸುವಾಗ ರ್‍ಯಾಕಿಗೂ ಒಂದು ಗೆರೆ ಎಳೆಯುತ್ತೇನೆ. ಅಲ್ಲಿ ಎಷ್ಟು ಡಿಸ್ಕು ತುಂಬಿದರೂ ಊರಿನ ಲೆಕ್ಕದಲ್ಲಿ ಅದು ಒಂದೇ ಮನೆ, ಯಾಕೆಂದರೆ ನನ್ನ ಮನೆಯಲ್ಲಿ ಉರಿಯುವುದು ಒಂದೇ ಒಲೆ. ಇದನ್ನು ಯಂತ್ರಕ್ಕೆ ನಾನು ಕಲಿಸಲಿಲ್ಲ. ತಂದ ದಿನದಿಂದ ಅದಕ್ಕೆ ಗೊತ್ತಿತ್ತು.

ಊರವರು ನನ್ನನ್ನು ಪೆಟ್ಟಿಗಿ ಕಾಕಾ ಎನ್ನುತ್ತಾರೆ. ಗೌರವವೋ ಚೇಷ್ಟೆಯೋ ಕೇಳಲು ಹೋಗಿಲ್ಲ. ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿ ಹೋದರೆ ಪೆಟ್ಟಿಗೆ ಕೆಟ್ಟಿರುವುದಿಲ್ಲ, ವೈರು ಕಿತ್ತಿರುತ್ತದೆ.

'ಯಾರವ್ವಾ ಪ್ಲಗ್ಗು ಕಿತ್ತವ್ರು?'

'ಶೇಂಗಾ ಚಟ್ನಿ ಅರೀಬೇಕಿತ್ತು ಕಾಕಾ. ಮಿಕ್ಸರಿಗೆ ಮತ್ತೊಂದು ತೂತ ಇಲ್ಲಲ್ಲ.'

'ನಿಮ್ಮ ಅಜ್ಜಾರ ಪಟ ಇದರಾಗ ಅದಾವಲ್ಲ.'

'ಅಜ್ಜಾರು ಒಂದು ಗಳಿಗಿ ತಡೀತಾರ ಬಿಡ್ರಿ, ರೊಟ್ಟಿ ತಡೀತಾವೇನು?'

ಚಟ್ನಿ ತಿಂದು ಬರುತ್ತೇನೆ.

ಈಗ ಕಥೆಗೆ ಬರುತ್ತೇನೆ. ನಮ್ಮ ಓಣಿಯ ತುದಿಯಲ್ಲಿ ಒಂದೇ ಮಾಳಿಗೆಯ ಕೆಳಗೆ ಎರಡು ಸಂಸಾರ. ಅಣ್ಣ ಮಹಾರುದ್ರಪ್ಪ, ತಮ್ಮ ಗುರುಪಾದಪ್ಪ, ನಡುವೆ ಒಂದು ಗೋಡೆ. ಕಟ್ಟುವಾಗ ಯಾಕೆ ಕಟ್ಟಿದರೆಂದು ಅವರಿಗೆ ನೆನಪಿತ್ತು. ನಂತರ ಗೋಡೆ ಮಾತ್ರ ನೆನಪಿತ್ತು. ಅಣ್ಣ ಕೆಮ್ಮಿದರೆ ತಮ್ಮ ಕಿಟಕಿ ಹಾಕುವನು. ಆದರೆ ಇಬ್ಬರ ಗೂಡಿನಲ್ಲೂ ಒಂದೇ ದನಿ ಇತ್ತು. ಅದು ಅವರ ಅವ್ವ ಸಾಂತವ್ವನದು.

ಆ ದನಿ ಸಿಕ್ಕದ್ದು ಆಕಸ್ಮಿಕ. ಹೊಸ ಮೈಕು ಕೆಲಸ ಮಾಡುತ್ತದೋ ಎಂದು ನಾನು ಅವರ ಪಡಸಾಲೆಯಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಒಳಗಿನಿಂದ ಸಾಂತವ್ವ ಮಕ್ಕಳನ್ನು ಉಣ್ಣಲಿಕ್ಕೆ ಕರೆದಳು. 'ಏ ರುದ್ರ್ಯಾ... ಏ ಗುರುಪಾದ್ಯಾ... ಬರ್ರೋ ಉಣ್ಣಾಕ. ಅನ್ನ ಆರಾಕತ್ತೈತಿ. ಎಷ್ಟ ಸಲ ಕರೀಬೇಕ್ರೋ ನಿಮ್ಮನ್ನ, ನನ್ನ ಗಂಟಲಾ ಹರದು ಹೋತು.' ಅಷ್ಟೇ. ಹಾಡಿಲ್ಲ, ಹರಕೆಯಿಲ್ಲ. ಅವಳು ಹೋದ ಮೇಲೆ ನೋಡಿದರೆ ಅವಳದೆಂದು ಉಳಿದದ್ದು ಇದೊಂದೇ. ಅಣ್ಣನ ಮನೆ, ತಮ್ಮನ ಮನೆ, ನನ್ನ ಮನೆ ಎಂದು ಮೂರು ಮನೆ ಮಾಡಿದೆವು. ಗೋಡೆ ಎದ್ದ ಮೇಲೆ ನಾನು ಸಂಜೆ ಆ ಓಣಿಯಲ್ಲಿ ಹಾದಾಗಲೆಲ್ಲ ಅದನ್ನು ಕೇಳುತ್ತಿದ್ದೆ. ಗೋಡೆಯ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಸಾಂತವ್ವ ಇಬ್ಬರನ್ನೂ ಕರೆಯುವಳು. ಒಬ್ಬೊಬ್ಬರೇ ಎದ್ದು ಹೋಗಿ ಉಣ್ಣುವರು.

ಈ ವರ್ಷ ಮಹಾರುದ್ರಪ್ಪನ ಹೆಂಡತಿ ದಾನವ್ವನಿಗೆ ದಮ್ಮು ಹೆಚ್ಚಾಯಿತು. ಒಗ್ಗರಣೆಯ ಘಾಟಿಗೆ ಅವಳು ಹೊಸ್ತಿಲಲ್ಲೇ ಕುಸಿದು ಕೂತ ದಿನ ತಮ್ಮನ ಹೆಂಡತಿ ಕಸ್ತೂರೆವ್ವ ಸೆರಗು ಸಿಕ್ಕಿಸಿಕೊಂಡು ಗೋಡೆ ಸುತ್ತಿ ಬಂದಳು. ಯಾರನ್ನೂ ಕೇಳಲಿಲ್ಲ. 'ಅಕ್ಕಾ, ಇನ್ನ ನೀ ಒಲಿ ಮುಂದ ನಿಂತರ ನನ್ನಾಣಿ' ಎಂದು ದಾನವ್ವನ ಒಲೆ ಆರಿಸಿದಳು, ಸಿಲಿಂಡರು ಉರುಳಿಸಿಕೊಂಡು ತನ್ನ ಅಡುಗೆಮನೆಗೆ ಒಯ್ದಳು. ಗಂಡಸರಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಅಂದು ಎರಡೂ ಮನೆಯವರು ಕೂಡಿ ಉಂಡರು. ವಾರದೊಳಗೆ ಗೋಡೆಗೆ ಬಾಗಿಲು ಬಿತ್ತು. ಓಣಿಗೆಲ್ಲ ಹೋಳಿಗೆ ಊಟ. ನಾನೂ ಹೋಗಿ ತುಪ್ಪ ಹಾಕಿಸಿಕೊಂಡು ಉಂಡೆ, ದೇವರು ದೊಡ್ಡವನು ಎಂದೆ. ಮನೆಗೆ ಬಂದಾಗ ಮಹಾರುದ್ರಪ್ಪನ ಪೆಟ್ಟಿಗೆ ಉತ್ತರ ಕೊಡುತ್ತಿಲ್ಲ ಎಂದು ರ್‍ಯಾಕು ಹೇಳಿತು. ಹೋಳಿಗೆ ಗಡಿಬಿಡಿಯಲ್ಲಿ ಯಾರೋ ಪ್ಲಗ್ಗು ಕಿತ್ತಿರಬೇಕು, ನಾಳೆ ನೋಡಿದರಾಯಿತು ಎಂದುಕೊಂಡೆ. ಮೊಣಕಾಲು ಹಾಗಿತ್ತು. ನಾಳೆಗೊಂದು ನಾಳೆ ಹುಟ್ಟಿತು.

ಇಡೀ ಊರೇ ಉಂಡು ಹರಸಿತ್ತಲ್ಲ. ಎರಡು ಒಲೆ ಒಂದಾದರೆ ಮೂರು ಮನೆ ಎರಡಾಗುತ್ತವೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಒಲೆ ಆರಿದ ಮನೆಯ ಪೆಟ್ಟಿಗೆ ಮಲಗುತ್ತದೆ. ಅದರಲ್ಲಿದ್ದದ್ದು ಇದ್ದ ಹಾಗೆ ಇರುತ್ತದೆ, ಆದರೆ ಸಾಕ್ಷಿ ಹೇಳುವುದಿಲ್ಲ. ತಮ್ಮನದು, ನನ್ನದು ಎಂದು ಎರಡು ಮನೆ ಉಳಿದಿದ್ದರಿಂದ ದನಿ ಹೇಗೋ ನಡೆಯಿತು. ಅಷ್ಟರಲ್ಲಿ ನನ್ನ ಕೋಣೆಯಲ್ಲಿ ಸಾಂತವ್ವನ ದನಿಯಿದ್ದ ಹಳೆಯ ಡಿಸ್ಕು ಟಕ್ ಟಕ್ ಎಂದು ಮರಕುಟಿಗನಂತೆ ಕುಟ್ಟತೊಡಗಿತು, ಒಂದು ಮಧ್ಯಾಹ್ನ ಕುಟ್ಟುವುದನ್ನೂ ನಿಲ್ಲಿಸಿತು.

ಹೊಸ ಡಿಸ್ಕು ನನ್ನ ಹತ್ತಿರ ಇತ್ತು. ಹಾಕಿದೆ. ಅದು ತುಂಬಲಿಲ್ಲ. ಖಾಲಿ ಡಿಸ್ಕು ತುಂಬುವುದಕ್ಕೆ ನಾವು ಹೆಪ್ಪು ಹಾಕುವುದು ಎನ್ನುತ್ತೇವೆ. ಹಾಲಿಗೆ ಒಂದು ಮನೆಯ ಮಜ್ಜಿಗೆ ಸಾಕು. ಇದಕ್ಕೆ ಎರಡು ಮನೆಯ ಹೆಪ್ಪು ಬೇಕು. ಒಂದು ಮನೆಯ ಮಾತು ಸುದ್ದಿ, ಎರಡು ಮನೆಯ ಮಾತು ಸಾಕ್ಷಿ. ಎರಡು ಪೆಟ್ಟಿಗೆ ಹೌದು ಎಂದರಷ್ಟೇ ಮೂರನೆಯದು ಬರೆದುಕೊಳ್ಳುತ್ತದೆ. ಈಗ ಹೌದು ಎನ್ನಲು ಗುರುಪಾದಪ್ಪನ ಪೆಟ್ಟಿಗೆಯೊಂದೇ ಉಳಿದಿತ್ತು.

ಮರುದಿನ ಮುಂಜಾನೆ ಮಹಾರುದ್ರಪ್ಪ ನಮ್ಮ ಕಟ್ಟೆಗೆ ಬಂದು ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನನ್ನ ಹೆಂಡತಿ ಶಿವಗಂಗಿ ಚಹಾ ತಂದಳು, ಅದು ಕೆನೆಗಟ್ಟಿತು.

'ಕಾಕಾ, ಅವ್ವ ನನ್ನ ಕರೀವಲ್ಲಳು.'

'ಅಂದ್ರ?'

'ನಿನ್ನೆ ಸಂಜೀಕ ತಮ್ಮನ ಮನ್ಯಾಗ ಗುಂಡಿ ಒತ್ತಿದ್ವಿ. "ಏ" ಅಂದ್ಲು, ಸುಮ್ಮನಾದ್ಲು. ಆಮ್ಯಾಲ "ಏ ಗುರುಪಾದ್ಯಾ, ಬರ್ರೋ ಉಣ್ಣಾಕ." ನನ್ನ ಹೆಸರ ಇಲ್ಲ. ತಮ್ಮ ನಕ್ಕ. "ನಿನ್ನ ಹೊಟ್ಟಿ ನೋಡಿ ಅವ್ವ ಸಾಕಂದ್ಲು" ಅಂದ. ನಾನೂ ನಕ್ಕೆ. ಆದ್ರ ತುತ್ತು ಇಳೀಲಿಲ್ಲ ಕಾಕಾ.'

ತೆಳುವಾಗುವಾಗ ಮೊದಲು ಹೋಗುವುದು ಹೆಸರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ತೆಳುವಾದದ್ದು ಅಳಿದದ್ದಲ್ಲ, ಎರಡನೆಯ ಸಾಕ್ಷಿ ಎದ್ದರೆ ಬತ್ತುತ್ತಿರುವ ಬಾವಿಗೆ ಸೆಲೆ ಬಂದಂತೆ ತುಂಬಿಕೊಳ್ಳುತ್ತದೆ. ಆದರೆ ತಳ ಕಂಡ ಮೇಲೆ ಇಲ್ಲ. ಅವನ ಪೆಟ್ಟಿಗೆ ಏಳಬೇಕಾದರೆ ಅವನ ಮನೆಯಲ್ಲಿ ಒಲೆ ಉರಿಯಬೇಕು.

'ಹಂಗಾದ್ರ ಮತ್ತ ಬ್ಯಾರಿ ಆಗಬೇಕಂತೀರೇನು?'

'ನಾ ಅನ್ನಾಂವಲ್ಲಪಾ. ಊರ ಹಂಗೈತಿ.'

'ದಾನವ್ವಗ ಒಲಿ ಮುಂದ ನಿಲ್ಲಾಕ ಆಗೂದಿಲ್ಲ. ಒಲಿ ಬ್ಯಾರಿ ಅಂದ್ರ ಕಸ್ತೂರೆವ್ವ ಏನ್ ತಿಳಕೊಂಡಾಳು? ಮೊನ್ನೆರ ಬಾಗಿಲಾ ಇಟ್ಟೇವಿ ಕಾಕಾ. ಬಾಗಿಲದ ಬಣ್ಣಾನೂ ಆರಿಲ್ಲ.' ಟೋಪಿಯನ್ನು ತಿರುವಿ ತಿರುವಿ ನೋಡಿದ. 'ಅವ್ವನ ಉಳಿಸಿಕೊಳ್ಳಾಕ ತಮ್ಮನ್ನ ಬಿಡಬೇಕು. ತಮ್ಮನ್ನ ಉಳಿಸಿಕೊಳ್ಳಾಕ ಅವ್ವನ್ನ. ಇದ್ಯಾವ ನ್ಯಾಯ?'

ಇಷ್ಟು ವರ್ಷ ಊರಿನ ಪೆಟ್ಟಿಗೆ ಕಾದು ನಾನು ಕಲಿತದ್ದು ಇಷ್ಟೇ: ಉಳಿಸುವವನು ಶಿವ, ವೈರು ಜೋಡಿಸುವವನು ನಾನು. ಆ ಮುಂಜಾನೆ ಅದೂ ಭಾರವೆನಿಸಿತು. ಯಾವುದೂ ಉಳಿಯದ ಊರಿಗೆ ಹೋಗಿ ಒಂದು ದಿನ ಕಾಲು ಚಾಚಿ ಮಲಗಬೇಕು ಎನ್ನಿಸಿತು.

ಮಹಾರುದ್ರಪ್ಪ ಟೋಪಿ ತಲೆಗೇರಿಸಿ ಎದ್ದ. 'ಹಿತ್ತಲದಾಗ ನೀರೊಲಿ ಐತಿ' ಎಂದ. 'ಹೊಗಿ ಒಳಗ ಬರೂದಿಲ್ಲ, ದಾನವ್ವಗ ತ್ರಾಸ ಇಲ್ಲ. ನಾನ ಹಚ್ಚತೀನಿ. ನೀವು ಬಂದು ಪೆಟ್ಟಿಗಿ ನೋಡ್ರಿ.'

'ಅಡಿಗಿ ಮಾಡಾಕ ಬರತೈತೇನು?'

'ಒಲಿಗೇನ ಗೊತ್ತು, ಬರತೈತೋ ಇಲ್ಲೋ.'

ಹೋದೆ. ಪೆಟ್ಟಿಗೆಯ ಪ್ಲಗ್ಗು ಸರಿಯಾಗಿಯೇ ಇತ್ತು, ಮೇಲೆ ಧೂಳು ಕೂತಿತ್ತು. ನಾನು ಹಿತ್ತಲ ಬಾಗಿಲಿಗೆ ಮುಖ ಮಾಡಿ ಗೂಡಿನ ಪಕ್ಕ ಕೂತೆ. ಮಹಾರುದ್ರಪ್ಪ ಹತ್ತಿಕಟ್ಟಿಗೆ ಮುರಿದು ಒಡ್ಡಿದ, ಊದಿದ, ಕಣ್ಣೀರು ಸುರಿಸಿದ. ಒಲೆ ಹತ್ತಿತು. ಪೆಟ್ಟಿಗೆ ಏಳಲಿಲ್ಲ. ನೀರು ಕಾಯಿಸಿದ. ಏಳಲಿಲ್ಲ. 'ಸ್ನಾನದ ನೀರಂತ ತಿಳಕೊಂಡೈತೇನೋ' ಎಂದು ಚಹಾ ಕುದಿಸಿ ಇಬ್ಬರೂ ಕುಡಿದೆವು. ಅದು ಚಹಾ ಹೌದೋ ಅಲ್ಲವೋ ಎಂದು ಪೆಟ್ಟಿಗೆಗೂ ಅನುಮಾನ ಬಂದಿರಬೇಕು. ಒಳಗಿನ ಮಂಚದಿಂದ ದಾನವ್ವ, ಉಸಿರಿಗೊಂದು ಮಾತಿನಂತೆ, ಹೇಳಿಕೊಡತೊಡಗಿದಳು. 'ಅಕ್ಕಿ... ತೊಳೀರಿ. ಒಂದಕ್ಕ... ಎರಡು ನೀರು. ಅಯ್ಯ, ಕೈ... ತೊಳಕೊಂಡ್ರೇನು?' ಅನ್ನ ಕುದಿಯಿತು, ಉಕ್ಕಿತು, ಅರ್ಧ ಬೂದಿಗೆ ಹೋಯಿತು. ತಳ ಹತ್ತಿದ ವಾಸನೆ ಬರುವಾಗ ಇಳಿಸಿ, ತಾಟಿಗೆ ಬಡಿಸಿಕೊಂಡು, ಉರಿಯುವ ಒಲೆಯ ಮುಂದೆ ಕೂತು, ಅವನು ಒಂದೊಂದೇ ತುತ್ತು ಉಂಡ. ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಪೆಟ್ಟಿಗೆಯಲ್ಲಿ ದೀಪವಿಲ್ಲ.

ಆ ಹೊತ್ತಿಗೆ ಗೋಡೆಯ ಹೊಸ ಬಾಗಿಲು ದಡಾರನೆ ತೆರೆಯಿತು. ಹಿತ್ತಲ ಹೊಗೆ ನೋಡಿ ಕಸ್ತೂರೆವ್ವ ಬಂದಿದ್ದಳು. ಕೈಯಲ್ಲಿ ಇನ್ನೂ ರೊಟ್ಟಿಯ ಹಿಟ್ಟು. ಅವಳ ಹಿಂದೆ ಗುರುಪಾದಪ್ಪ.

'ಏನ್ರಿ ಬಾವಾರ ಇದು? ನನ್ನ ಕೈಯಾನ ಅಡಿಗಿ ಕಹಿ ಆತೇನು? ಒಲಿ ಬ್ಯಾರಿ ಹಚ್ಚೀರಿ?'

'ಕಸ್ತೂರೆವ್ವಾ, ಹಂಗಲ್ಲ. ಅವ್ವನ ದನಿ...'

ತೊದಲುತ್ತ ಅವನು ಹೇಳಿದ, ತಪ್ಪಿದಲ್ಲಿ ನಾನು ಸೇರಿಸಿದೆ. ಗುರುಪಾದಪ್ಪ ಹೊಸ ಬಾಗಿಲಿನ ಚೌಕಟ್ಟು ಹಿಡಿದ. 'ಮತ್ತ ಗ್ವಾಡಿ ಮುಚ್ಚೂದೇನಣ್ಣಾ? ಅವ್ವಗೂ ಅದ ಬೇಕಾಗಿತ್ತೇನು?' ಎಂದ. ಕಸ್ತೂರೆವ್ವ ಅವನನ್ನು ತಡೆದಳು. ಅವಳ ದನಿ ಇಳಿದಿತ್ತು, ಅದಕ್ಕೇ ನಮಗೆಲ್ಲ ಹೆದರಿಕೆಯಾಯಿತು.

'ಬಾವಾರ, ನಾ ಈ ಮನಿಗೆ ಬಂದಾಗಿಂದ ಸಂಜೀಗೊಮ್ಮೆ ಅಕೀ ದನಿ ಕೇಳೀನಿ. ಸತ್ತ ಮ್ಯಾಲೂ ಕೇಳೀನಿ. ರುದ್ರ್ಯಾ ಅಂದ್ಲು, ಗುರುಪಾದ್ಯಾ ಅಂದ್ಲು. ಆ ಅನ್ನ ಮಾಡಿದಾಕಿ ಒಳಗ ನಿಂತಿದ್ಲಲ್ಲ, ಅಕೀ ಹೆಸರ ಒಂದ್ ದಿನಾನೂ ಬರಲಿಲ್ಲ. ನಂದೂ ಇಲ್ಲ, ಅಕ್ಕಂದೂ ಇಲ್ಲ. ಹೋಗ್ಲಿ. ಈಗ ಆ ದನಿ ಸಲುವಾಗಿ ನನ್ನ ಒಲಿ ನಿಮಗ ಬ್ಯಾಡಾತು.'

ಒಳಗೆ ದಾನವ್ವನ ಉಸಿರು ಸಿಳ್ಳು ಹಾಕುವುದು ಕೇಳುತ್ತಿತ್ತು. ಮಹಾರುದ್ರಪ್ಪ ಸೌಟು ಹಿಡಿದು ನಿಂತಿದ್ದ. ಮೀಸೆಯ ಮೇಲೆ ಬೂದಿ. ಅವನು ಮಾತಿನ ಮನುಷ್ಯನಲ್ಲ. ಅವಳ ಕೈಯ ಹಿಟ್ಟನ್ನು ನೋಡಿದ.

'ನೀ ಉಂಡೀಯೇನು?' ಎಂದು ಕೇಳಿದ.

'ಏನು?'

'ಇಷ್ಟೊತ್ತಾತು. ಉಂಡೀಯೇನು?'

'ಎಲ್ಲಾರದೂ ಆಗಬೇಕಲ್ಲ ಮೊದಲ' ಎಂದು ಅವಳು ಸಿಡುಕಿದಳು.

ಅವನು ಮೂಲೆಯ ಮಣೆ ತಂದು ಒಲೆಯ ಪಕ್ಕ ಹಾಕಿದ. ಇನ್ನೊಂದು ತಾಟು ಕೆಳಗಿಳಿಸಿ ಸೆರಗಿಲ್ಲದೆ ಹೇಗೆ ಒರೆಸುವುದೆಂದು ತಿಳಿಯದೆ ಧೋತರದ ಚುಂಗಿನಲ್ಲಿ ಒರೆಸಿದ. ತಳ ಹತ್ತದ ಅನ್ನವನ್ನು ಮೇಲಿನಿಂದ ಹುಡುಕಿ ಹುಡುಕಿ ಬಡಿಸಿದ. 'ಕುಂದ್ರು ಕಸ್ತೂರೆವ್ವಾ. ಬಿಸಿ ಐತಿ. ಉಣ್ಣು.'

ಭಾವ ಬಡಿಸಿದ್ದನ್ನು ತಮ್ಮನ ಹೆಂಡತಿ ಕೂತು ಉಣ್ಣುವುದು ನಮ್ಮ ಓಣಿ ಕಂಡದ್ದಲ್ಲ. ಅವಳು ಗಂಡನನ್ನು ನೋಡಿದಳು. ಗುರುಪಾದಪ್ಪ ಬೇರೆ ಕಡೆ ಮುಖ ಮಾಡಿ ಗೋಡೆಯ ಸುಣ್ಣ ಕೆರೆಯುತ್ತಿದ್ದ. ಆಮೇಲೆ ಅವಳು ಹಿಟ್ಟಿನ ಕೈ ತೊಳೆದುಕೊಂಡು ಕೂತಳು. ಮೊದಲ ತುತ್ತು ಬಾಯಿಗಿಟ್ಟಳು.

ನನ್ನ ಕಿವಿಯ ಪಕ್ಕ ಸಣ್ಣದೊಂದು ಫ್ಯಾನು ಕರ್ರ್ ಎಂದು ಧೂಳು ಕೊಡವಿಕೊಂಡು ತಿರುಗಿತು. ಹಸಿರು ದೀಪ ಹತ್ತಿತು. ಇದ್ದೀಯಾ ಎಂದು ಓಣಿಯ ಪೆಟ್ಟಿಗೆಗಳು ಕೇಳಿರಬೇಕು, ಇದ್ದೇನೆ ಎಂದಿತು.

'ಎದ್ದತು' ಎಂದೆ. ಯಾರೂ ಕುಣಿಯಲಿಲ್ಲ. ಕಸ್ತೂರೆವ್ವ ನುಂಗಿ ಹೇಳಿದಳು: 'ಉಪ್ಪ ಹಾಕಿಲ್ಲ.'

'ದಾನವ್ವ ಹೇಳಲಿಲ್ಲ' ಎಂದ ಮಹಾರುದ್ರಪ್ಪ.

'ಹೇಳಿದ್ದೆ...' ಎಂದು ಮಂಚದಿಂದ ದನಿ ಬಂತು. 'ಕಿವಿ... ಎಲ್ಲಿತ್ತೋ.'

ಗುರುಪಾದಪ್ಪ ತಾನಾಗಿ ಹೋಗಿ ಉಪ್ಪಿನ ಡಬ್ಬಿ ತಂದ. ಕಸ್ತೂರೆವ್ವ ಉಣ್ಣುತ್ತಲೇ ತೀರ್ಪು ಕೊಟ್ಟಳು. ಸಾರು, ರೊಟ್ಟಿ, ಪಲ್ಯ ತನ್ನ ಒಲೆಯಲ್ಲಿ. ಮಧ್ಯಾಹ್ನದ ಅನ್ನ ಭಾವನ ಒಲೆಯಲ್ಲಿ. ಬಾಗಿಲು ತೆರೆದೇ ಇರಬೇಕು. 'ನನಗ ಮೊದಲ ಬಡಸಬೇಕು, ಹಸಿವಿ ತಡೀಯೂದಿಲ್ಲ ನನಗ. ಅತ್ತಿ ದನಿ ನೀವು ಕೇಳಕೋತ ಕುಂದರ್ರಿ. ನಾ ಅಷ್ಟೊತ್ತಿಗೆ ಉಂಡು ಎದ್ದಿರತೀನಿ.' ಆಗಲಿ ಎಂದ ಮಹಾರುದ್ರಪ್ಪ. ಅವನಿಗೆ ಆಗ ಪೆಟ್ಟಿಗೆಯ ಗುಂಡಿ ಒತ್ತುವ ನೆನಪೇ ಇರಲಿಲ್ಲ. ತಳ ಹಿಡಿದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದ.

ನಾನು ಮನೆಗೆ ಬಂದು ಹೊಸ ಡಿಸ್ಕಿಗೆ ಹೆಪ್ಪು ಹಾಕಿದೆ. ಅವಸರ ಮಾಡಿದರೆ ಹಾಲೂ ಹೆಪ್ಪುಗಟ್ಟುವುದಿಲ್ಲ, ಇದೂ ಇಲ್ಲ. ರ್‍ಯಾಕಿನ ಮುಂದೆ ಗೋಣಿತಟ್ಟಿನ ಮೇಲೆ ಕೂತೆ. ಚಾಪೆಗೆ ನೀರು ಚಿಮುಕಿಸಿದೆ. ಜಪ ಮಾಡೋಣವೆಂದರೆ ಬೆರಳು ಎಣಿಕೆ ತಪ್ಪುತ್ತಿತ್ತು. ಒಂದು ಮನೆ ಸರಿಹೋಯಿತೆಂದರೆ ಇನ್ನೊಂದು ಮನೆಯಲ್ಲಿ ಮಿಕ್ಸರು ಕಾಯುತ್ತಿರುತ್ತದೆ. ಇನ್ನೊಂದು ಡಿಸ್ಕು ಕುಟ್ಟಲು ಶುರುಮಾಡುತ್ತದೆ. ಎಲ್ಲಿ ಯಾರು ಜಗಳವಾಡಿ ಒಲೆ ಒಡೆದರೋ, ಯಾರು ಒಲಿದು ಒಲೆ ಕೂಡಿಸಿದರೋ, ಎಲ್ಲವೂ ನನ್ನ ಮೊಣಕಾಲಿಗೆ ಬರುತ್ತದೆ. ಶಿವನೇ, ನೀನು ಇಷ್ಟು ಲೋಕ ಹೇಗೆ ಕಾಯುತ್ತೀಯೋ, ನಿನಗೆ ಮೊಣಕಾಲು ನೋವು ಬರುವುದಿಲ್ಲವೋ ಎಂದು ಕೇಳಿದೆ. ಫ್ಯಾನುಗಳು ಗುಂಯ್ ಎಂದವು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಬರೆಯುವುದು ಮುಗಿಯಿತು. ಮೂರು ಮನೆ. ಸರಿಯಾಗಿ ಬಂತೋ ಇಲ್ಲವೋ ಒಮ್ಮೆ ಕೇಳಿ ನೋಡದೆ ನಾನು ಯಾವುದನ್ನೂ ಮುಗಿಯಿತೆನ್ನುವುದಿಲ್ಲ. ಗುಂಡಿ ಒತ್ತಿದೆ.

'ಏ ರುದ್ರ್ಯಾ... ಏ ಗುರುಪಾದ್ಯಾ... ಬರ್ರೋ ಉಣ್ಣಾಕ. ಅನ್ನ ಆರಾಕತ್ತೈತಿ. ಎಷ್ಟ ಸಲ ಕರೀಬೇಕ್ರೋ ನಿಮ್ಮನ್ನ, ನನ್ನ ಗಂಟಲಾ ಹರದು ಹೋತು.'

ಎರಡೂ ಹೆಸರು ತುಂಬಿ ಬಂದಿದ್ದವು. ಇನ್ನೊಮ್ಮೆ ಒತ್ತಿದೆ, ಕಣ್ಣು ಮುಚ್ಚಿಕೊಂಡು ಕೇಳಿದೆ. ಮೂರನೆಯ ಸಲ ಒತ್ತಲು ಕೈ ಚಾಚಿದಾಗ ಅಡುಗೆಮನೆಯಿಂದ ಶಿವಗಂಗಿ ಬಂದು ಬಾಗಿಲಲ್ಲಿ ನಿಂತಳು.

'ಆ ಮುದುಕಿ ಕರದು ಕರದು ಸಾಕಾಗಿ ಶಿವನ ಪಾದ ಸೇರಿದ್ಲು' ಎಂದಳು. 'ನಾ ಇನ್ನೂ ಜೀವಂತ ಅದೀನಿ. ಮಧ್ಯಾಹ್ನದಿಂದ ಕರಿಯಾಕತ್ತೀನಿ ನಿಮ್ಮನ್ನ, ಅದು ಕೇಳತೈತೇನು? ಏಳ್ರಿ, ಉಣ್ಣಾಕ.'

ಗೋಡೆ ಹಿಡಿದುಕೊಂಡು ಎದ್ದೆ.